ಸೆಂಟರ್ ಕಂಪ್ಯೂಟರಿನ ಸ್ಕ್ರೀನ್ ಹ್ಯಾಂಗಿರಬೇಕು ಅಂತ ಜಗಳ ಬಂದ್ರ ಹ್ಯಾಂಗ ಬಗೆಹರಿಸೋದು

ಮೈಕ್ರೋಸಾಫ್ಟ್‌ದವರು 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಸಪೋರ್ಟ್ ಬಂದ್ ಮಾಡಿದ ಮ್ಯಾಲ ನಾ ಹೋಗೋ, ಜನರಿಗಿ ಆನ್‌ಲೈನ್ ಅರ್ಜಿ, ಪ್ರಿಂಟ್ ಮಾಡಿ ಕೊಡೋ ಕಲಬುರಗಿ ಸೆಂಟರ್‌ಗಳೊಳಗ ಒಂದೇ ಮಾತು. ಕೆಲವರು 11 ಹಾಕ್ಸಿದ್ರು, ಹಳೇ ಮಶಿನ್ ಇದ್ದೋರು ವಿಂಡೋಸ್ ಬದಲಿಗಿ ಲಿನಕ್ಸ್ ಮಿಂಟ್ ಅನ್ನೋ ಬ್ಯಾರೆ ಸಿಸ್ಟಮ್ ಹಾಕ್ಸಿದ್ರು, ಹಾಕ್ಸಿದ ಮರುದಿನಾನೇ ಸೆಂಟರ್ ನಡಸೋ ಅಣ್ಣ ತಮ್ಮನ ನಡುವ ಜಗಳ. ಅಣ್ಣ ಅಂತಾನ ಎಲ್ಲಾ ಡೆಸ್ಕ್‌ಟಾಪ್ ಮ್ಯಾಲೇ ಇರಬೇಕು, ಮೊದಲ ಹ್ಯಾಂಗಿತ್ತೋ ಹಂಗೇ ಬೇಕು. ಬಿಸಿಎ ಮಾಡಿದ ತಮ್ಮ ಅಂತಾನ ಇಷ್ಟು ಐಕಾನ್ ಇಟ್ರ ಗಲೀಜ್ ಕಾಣ್ತದ, ಡಾರ್ಕ್ ಥೀಮ್ ಅಂದ್ರ ಕಪ್ಪು ಹಿನ್ನೆಲಿ ಹಾಕ್ರಿ, ಟಾಸ್ಕ್‌ಬಾರ್ (ಕೆಳಗಿನ ಐಕಾನ್ ಸಾಲು) ನಡುವ ಇರ್ಲಿ. ದಿನಾ ಎಂಟು ತಾಸು ಅದೇ ಸ್ಕ್ರೀನ್ ಮುಂದ ಕೂಡೋ ಆಪರೇಟರ್ ಹುಡುಗಿಗಿ ಮಾತ್ರ ಯಾರೂ ಕೇಳಂಗಿಲ್ಲ.

ಇಂಥ ಸೆಂಟರ್‌ಗಳಿಗಿ ಕಂಪ್ಯೂಟರ್ ಸೆಟಪ್ ಮಾಡಿ ಕೊಡೋದು ನನ್ನ ಕೆಲಸ, ಈ ಜಗಳ ನನಗ ಭಾಳ ಸೇರ್ತದ, ಖರೇ ಹೇಳ್ತೀನಿ. ಯಾಕಂದ್ರ ಇದು ಸುಮ್ನ ಮಾತಲ್ಲ, ಒಂದು ಬಟನ್ ಎಲ್ಲದ ಅನ್ನೋದರ ಮ್ಯಾಲ ಪಹಣಿ ತೆಗಿಸ್ಲಾಕ ಆಳಂದದಿಂದ ಬಸ್ ಹತ್ತಿ ಬಂದ ಮುದುಕಪ್ಪ ಎಷ್ಟೊತ್ತು ನಿಂತಿರ್ತಾನ ಅನ್ನೋದು ಠರಾವ್ ಆಗ್ತದ. ಆದ್ರ ಜಗಳಕ್ಕ ಒಂದು ರೀತಿ ಬೇಕು. ರೀತಿ ಇಲ್ಲಂದ್ರ ಯಾರ ದನಿ ದೊಡ್ಡದೋ ಅವರದೇ ಥೀಮ್ ಕೂಡ್ತದ.

ಮೊದಲ ಕೆಲಸ ಬರೀರಿ, ಆಮ್ಯಾಲ ಮಾತಾಡ್ರಿ

ಒಂದು ಹಾಳಿ ತೊಗೊಂಡು ನಿಮ್ಮ ಸೆಂಟರ್‌ದಾಗ ದಿನಾ ಏನೇನ್ ಕೆಲಸ ಬರ್ತಾವ ಬರೀರಿ. ಸಾಫ್ಟ್‌ವೇರ್ ಹೆಸರು ಬ್ಯಾಡ, ಕೆಲಸ ಬರೀರಿ. ಆಧಾರ್ ಸ್ಕ್ಯಾನ್ ಮಾಡಿ ಸೈಟ್ ಕೇಳಿದ ಸೈಜಿಗಿ ಸಣ್ಣ ಮಾಡಿ ಅಪ್‌ಲೋಡ್ ಮಾಡೋದು, ಜಾತಿ ಆದಾಯ ಅರ್ಜಿ, 371ಜೆ (ಕಲ್ಯಾಣ ಕರ್ನಾಟಕ ಮೀಸಲಾತಿ) ಸರ್ಟಿಫಿಕೇಟಿಗಿ ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೊ, ವಾಟ್ಸಾಪ್‌ದಾಗ ಬಂದ ಪಿಡಿಎಫ್ ಪ್ರಿಂಟ್. ಪ್ರತಿ ಕೆಲಸದ ಎದುರಿಗಿ ಯಾರು ಮಾಡ್ತಾರ, ದಿನಕ್ಕ ಸುಮಾರು ಎಷ್ಟು ಸಲ, ತಪ್ಪಾದ್ರ ಏನ್ ಲುಕ್ಸಾನ್, ಇಷ್ಟು ಬರೀರಿ. ಲುಕ್ಸಾನ್ ಕಾಲಂ ಬಿಡಬ್ಯಾಡ್ರಿ, ಅದೇ ಭಾಳ ಮುಖ್ಯ. ಒಬ್ಬರ ಆಧಾರ್ ಇನ್ನೊಬ್ಬರ ಅರ್ಜಿಗಿ ಅಪ್‌ಲೋಡ್ ಆಗೋದು ಬ್ಯಾರೆ, ಪ್ರಿಂಟ್ ಎರಡು ಸಲ ಬಂದು ಒಂದು ಹಾಳಿ ಹೋಗೋದು ಬ್ಯಾರೆ.

ಈಗ ಜಗಳದ ಮಾತು ಈ ಹಾಳಿಗಿ ಕಟ್ರಿ. "ಛಂದ ಕಾಣಂಗಿಲ್ಲ", "ಹಳೇದು ಕಾಣ್ತದ", "ಈಗೆಲ್ಲ ಹಿಂಗೇ ನಡದದ" ಅನ್ನೋ ಮಾತು ಆ ಹೊತ್ತಿಗಿ ಬಂದ್ ಮಾಡ್ರಿ. ಹೇಳೋದಿದ್ರ ಹಿಂಗ ಹೇಳ್ಬೇಕು: "ಸ್ಕ್ಯಾನ್ ಮಾಡಿದ ಮ್ಯಾಲ ಫೈಲ್ ಎಲ್ಲಿ ಹೋಯ್ತು ಅಂತ ಆಪರೇಟರ್ ಹುಡುಕ್ತಾಳ, ಅದಕ್ಕ ಸ್ಕ್ಯಾನ್ ಫೋಲ್ಡರ್ ಡೆಸ್ಕ್‌ಟಾಪ್ ಮ್ಯಾಲ ಬೇಕು." ಯಾರಿಗಿ, ಯಾವ ಕೆಲಸದಾಗ, ಏನ್ ಅಡ್ಡಿ. ಈ ಮೂರು ಇಲ್ಲದ ಮಾತನ್ನ ಬದಿಗಿಡ್ರಿ, ಅದು ರುಚಿ ಮಾತು, ಅದರ ಪಾಳಿ ಮುಂದ ಬರ್ತದ.

ಬಟನ್ ಎಲ್ಲಿರಬೇಕು

ದೊಡ್ಡ ಜಗಳ ಇದೇ. ವಿಂಡೋಸ್ 95ರಾಗ, ಅಂದ್ರ 1995ರಾಗ, ಸ್ಟಾರ್ಟ್ ಬಟನ್ ಎಡಗಡಿ ಕೆಳಗಿನ ಮೂಲ್ಯಾಗ ಬಂದು ಕೂತ್ತು, 2021ರಾಗ ವಿಂಡೋಸ್ 11 ಬಂದಾಗ ಅದನ್ನ ನಡುವ ತಂದ್ರು. ಎರಡಕ್ಕೂ ಕಾರಣ ಅದ.

ಪಾಲ್ ಫಿಟ್ಸ್ ಅಂತ ಅಮೆರಿಕದ ಮನಃಶಾಸ್ತ್ರಜ್ಞರು 1954ರಾಗ ಒಂದು ಲೆಕ್ಕ ಕೊಟ್ಟಾರ, ಗುರಿ ಎಷ್ಟು ದೂರ ಅದ, ಎಷ್ಟು ದೊಡ್ಡದದ ಅನ್ನೋದರ ಮ್ಯಾಲ ಕೈ ಅಲ್ಲಿಗಿ ಮುಟ್ಟೋ ಟೈಮ್ ನಿಲ್ತದ ಅಂತ. ಅವರು ನೋಡಿದ್ದು ಕೈ ಚಲನೆ, ಆಗ ಮೌಸ್ ಇದ್ದಿಲ್ಲ, ಆದ್ರ ಮೌಸಿಗೂ ಅದು ಬರೋಬರ್ ಹೊಂದ್ತದ. ಇದರಾಗ ಮೂಲಿಗಿ ಒಂದು ವಿಶೇಷ ಅದ. ಕರ್ಸರ್ ಸ್ಕ್ರೀನಿನ ಅಂಚಿಗಿ ಬಂದು ತಾನೇ ನಿಂತ್ಬಿಡ್ತದ, ಮುಂದ ಹೋಗಂಗಿಲ್ಲ, ಅದಕ್ಕ ಮೂಲ್ಯಾಗಿನ ಬಟನ್ ಸಣ್ಣದಿದ್ರೂ ಕೈಗಿ ಭಾಳ ದೊಡ್ಡದಿದ್ದಂಗ. ಕಣ್ಣು ಹಾಳಿ ಮ್ಯಾಲ ಇಟ್ಕೊಂಡೇ ಮೌಸ್ ಮೂಲಿಗಿ ಜೋರಾಗಿ ತಳ್ಳಿದ್ರ ಸಾಕು, ಮುಟ್ತದ. ಮ್ಯಾಕ್‌ದಾಗ ಮೆನು ಸಾಲು ಸ್ಕ್ರೀನಿನ ಮ್ಯಾಲಿನ ಅಂಚಿಗೇ ಅಂಟಿಕೊಂಡಿರೋದ್ರಿಂದ ಸಿಗೋ ಫಾಯ್ದಾನೂ ಇದೇ.

ಹಂಗಂದ್ರ ನಡುವ ಇಡೋದು ತಪ್ಪೇನು? ಹಂಗೂ ಅಲ್ಲ. 27 ಇಂಚಿನ ಅಗಲ ಮಾನಿಟರ್ ಇದ್ರ ಎಡಗಡಿ ಮೂಲಿ ಭಾಳ ದೂರ ಆಗ್ತದ, ಕುತ್ತಿಗಿ ತಿರುಗಿಸಬೇಕಾಗ್ತದ, ಅಲ್ಲಿ ನಡುವ ಇದ್ರ ಹತ್ತಿರ. ಆದ್ರ ಸೆಂಟರ್‌ಗಳೊಳಗ ನಾ ನೋಡೋದು ಸಣ್ಣ ಮಾನಿಟರೇ. ಇನ್ನೊಂದು ತೊಂದ್ರಿ ಅದ, ಇದನ್ನ ಕಣ್ಣಾರೆ ನೋಡ್ರಿ: ವಿಂಡೋಸ್ 11ರಾಗ ಟಾಸ್ಕ್‌ಬಾರ್ ನಡುವ ಇದ್ದಾಗ ಹೊಸ ಹೊಸ ಪ್ರೋಗ್ರಾಂ ತೆರಕೋತ ಹೋದಂಗ ಸಾಲು ಎರಡೂ ಕಡಿ ಬೆಳಿತದ, ಸ್ಟಾರ್ಟ್ ಬಟನ್ ಎಡಕ್ಕ ಸರಕೋತ ಹೋಗ್ತದ. ಮುಂಜಾನಿ ಒಂದು ಜಾಗಾದಾಗ, ಮಧ್ಯಾಹ್ನ ಇನ್ನೊಂದು ಜಾಗಾದಾಗ. ಕೈಗಿ ರೂಢಿ ಹ್ಯಾಂಗ ಆಗ್ಬೇಕು? ನನ್ನ ಕೇಳಿದ್ರ ಸೆಂಟರಿಗಿ ಎಡಗಡಿನೇ ಹಾಕ್ರಿ ಅಂತೀನಿ. ಟಾಸ್ಕ್‌ಬಾರ್ ಮ್ಯಾಲ ರೈಟ್ ಕ್ಲಿಕ್, ಟಾಸ್ಕ್‌ಬಾರ್ ಸೆಟ್ಟಿಂಗ್ಸ್, ಟಾಸ್ಕ್‌ಬಾರ್ ಬಿಹೇವಿಯರ್ಸ್, ಅಲ್ಲಿ ಟಾಸ್ಕ್‌ಬಾರ್ ಅಲೈನ್‌ಮೆಂಟ್ ಅಂತ ಅದ, ಅದನ್ನ ಲೆಫ್ಟ್ ಮಾಡ್ರಿ. ಕೀಬೋರ್ಡಿನ ವಿಂಡೋಸ್ ಕೀ ಒತ್ತಿ ಹೆಸರು ಟೈಪ್ ಮಾಡೋ ರೂಢಿ ಇದ್ದವರಿಗಿ ಇದರಿಂದ ಏನೂ ಫರಕ್ ಬೀಳಂಗಿಲ್ಲ, ಅವರು ಈ ಜಗಳದಾಗ ಬರಬಾರದು.

ಅದೇ ಜಾಗಾದಾಗ ಕಂಬೈನ್ ಟಾಸ್ಕ್‌ಬಾರ್ ಬಟನ್ಸ್ ಅಂತ ಇನ್ನೊಂದು ಆಯ್ಕೆ ಅದ, ಅದನ್ನ ನೆವರ್ ಮಾಡ್ರಿ. ವಿಂಡೋಸ್ 11 ಬಂದಾಗ ಇದು ಇದ್ದಿಲ್ಲ, ಜನ ಕೇಳಿ ಕೇಳಿ 2023ರಾಗ ಮತ್ತ ಬಂತು. ನಾಕು ಗಿರಾಕಿದು ನಾಕು ಪಿಡಿಎಫ್ ತೆರದಿದ್ದಾಗ ಒಂದೇ ಐಕಾನಿನ ಕೆಳಗ ಎಲ್ಲಾ ಅಡಗಿ ಕೂತ್ರ ಒಬ್ಬರದು ಇನ್ನೊಬ್ಬರಿಗಿ ಹೋಗೋದು ಅಲ್ಲೇ. ಹೆಸರು ಕಾಣ್ಲತ್ರ ಆ ತಪ್ಪು ಕಡಿಮಿ ಆಗ್ತದ. ತಮ್ಮ ಗಲೀಜ್ ಅಂತಾನ, ಅನ್ಲಿ, ಲುಕ್ಸಾನ್ ಕಾಲಂ ತೋರಸ್ರಿ.

ಐಕಾನ್ ಬೇಕೋ ಹೆಸರು ಬೇಕೋ

ಎರಡೂ ಬೇಕು. ಬರೇ ಚಿತ್ರ ನೋಡಿ ಅರ್ಥ ಆಗೋವು ಕಡಿಮಿ, ಪ್ರಿಂಟರ್, ಕಸದ ಬುಟ್ಟಿ, ಹುಡುಕೋ ಭೂತಗನ್ನಡಿ, ಇಂಥಾವು ಅಷ್ಟೇ. ವಿಂಡೋಸ್ 11ರಾಗ ರೈಟ್ ಕ್ಲಿಕ್ ಮೆನುದಾಗ ಕಟ್, ಕಾಪಿ, ಪೇಸ್ಟ್, ರೀನೇಮ್ ಬರೇ ಚಿತ್ರ ಆಗಿ ಮ್ಯಾಲ ಹೋಗಿದ್ವು, ರೀನೇಮ್ ಯಾವುದು ಅಂತ ಗೊತ್ತಾಗದೆ ಜನ ಒದ್ದಾಡಿದ್ರು. ಮುಂದ 24ಎಚ್2 ಅಪ್‌ಡೇಟ್‌ದಾಗ ಅವುಗಳ ಕೆಳಗ ಹೆಸರು ಬಂತು. ಅಷ್ಟು ದೊಡ್ಡ ಕಂಪನಿನೇ ಹೆಸರು ವಾಪಸ್ ತಂದದ ಅಂದ್ಮ್ಯಾಲ ನಿಮ್ಮ ಸೆಂಟರ್‌ದಾಗ ಹೆಸರು ತೆಗಿಯೋ ಗೊಡವಿ ಬ್ಯಾಡ.

ಡೆಸ್ಕ್‌ಟಾಪ್ ಮ್ಯಾಲ ಎಷ್ಟು ಇಡಬೇಕು ಅಂದ್ರ, ಹಾಳ್ಯಾಗ ದಿನಕ್ಕ ಹತ್ತು ಸಲಕ್ಕಿಂತ ಹೆಚ್ಚು ಬಂದ ಕೆಲಸಕ್ಕ ಮಾತ್ರ ಒಂದೊಂದು ಐಕಾನ್. ಕೆಲಸದ ಹೆಸರೇ ಇಡ್ರಿ: "ಸ್ಕ್ಯಾನ್ ಆದ ಫೈಲ್", "ಇವತ್ತಿನ ಪ್ರಿಂಟ್", "ಫೋಟೊ ಕಟಿಂಗ್". ಉಳಿದದ್ದು ಒಂದು ಫೋಲ್ಡರಿನೊಳಗ ಹಾಕ್ರಿ. ಇಲ್ಲಿ ತಮ್ಮನ ಮಾತಿಗೂ ಬೆಲಿ ಅದ ನೋಡ್ರಿ, ಸ್ಕ್ರೀನ್ ತುಂಬ ಐಕಾನ್ ಇದ್ರ ಬೇಕಾದ್ದು ಕಣ್ಣಿಗಿ ಸಿಗಂಗಿಲ್ಲ.

ಸಿಂಗಲ್ ಕ್ಲಿಕ್, ಡಬಲ್ ಕ್ಲಿಕ್ ಜಗಳನೂ ಇರ್ತದ. ಲಿನಕ್ಸ್‌ನ ಕೆಡಿಇ ಪ್ಲಾಸ್ಮಾ ಅನ್ನೋ ಡೆಸ್ಕ್‌ಟಾಪ್‌ದಾಗ ಫೈಲ್ ತೆರಿಲಾಕ ಒಂದೇ ಕ್ಲಿಕ್ ಅನ್ನೋದು ಭಾಳ ವರ್ಷದಿಂದ ಇತ್ತು, 2024ರ ಫೆಬ್ರವರಿದಾಗ ಬಂದ ಪ್ಲಾಸ್ಮಾ 6ರಾಗ ಡಬಲ್ ಕ್ಲಿಕ್ ಡಿಫಾಲ್ಟ್ ಮಾಡಿದ್ರು, ಯಾಕಂದ್ರ ವಿಂಡೋಸ್, ಮ್ಯಾಕ್ ಕಡಿಂದ ಬರೋರಿಗಿ ರೂಢಿ ಅದೇ. ಮೊಬೈಲ್ ಹಿಡ್ಕೊಂಡೇ ಬೆಳೆದ ಹುಡುಗರಿಗಿ ಮಾತ್ರ ಒಂದು ಸಲ ಮುಟ್ಟೋದೇ ಸಹಜ. ನಾ ಇದನ್ನ ಇದ್ದಂಗೇ ಬಿಡ್ತೀನಿ, ಡಬಲ್ ಕ್ಲಿಕ್ ಸ್ಪೀಡ್ ಮಾತ್ರ ಮೌಸ್ ಸೆಟ್ಟಿಂಗ್ಸ್‌ದಾಗ ಕಡಿಮಿ ಮಾಡ್ತೀನಿ, ವಯಸ್ಸಾದವರ ಕೈ ನಡುಗ್ತದ. ಒಂದೇ ಮಾತು ಎಲ್ಲರಿಗೂ ಹೇಳಿಡ್ರಿ, ವೆಬ್‌ಸೈಟ್ ಮ್ಯಾಲ ಸಬ್‌ಮಿಟ್, ಪೇಮೆಂಟ್ ಬಟನಿಗಿ ಎರಡು ಸಲ ಒತ್ತಬ್ಯಾಡ್ರಿ, ಅರ್ಜಿ ಎರಡು ಸಲ ಹೋಗೋ ಅಂಜಿಕಿ ಇರ್ತದ.

ಬಿಸಲು, ಬಣ್ಣ, ಡಾರ್ಕ್ ಥೀಮ್

ಕಲಬುರಗಿ ಬಿಸಲು ಮರೆತು ಯಾವ ಥೀಮೂ ಆರಿಸಬ್ಯಾಡ್ರಿ. ಏಪ್ರಿಲ್ ಮೇ ತಿಂಗಳಾಗ 40 ಡಿಗ್ರಿ ದಾಟ್ತದ, ಅಂಗಡಿ ಶಟರ್ ತೆರದೇ ಇರ್ತದ, ರಸ್ತೆದ ಬೆಳಕೆಲ್ಲ ಸೀದಾ ಮಾನಿಟರಿನ ಮ್ಯಾಲ. ಕಪ್ಪು ಸ್ಕ್ರೀನ್ ಇದ್ರ ಅದರಾಗ ಕಾಣೋದು ನಿಮ್ಮ ಮಾರಿ ಮತ್ತ ಹಿಂದಿನ ರಸ್ತೆ. ರಾತ್ರಿ ಮನ್ಯಾಗ ಲೈಟ್ ಕಡಿಮಿ ಮಾಡ್ಕೊಂಡು ಕೆಲಸ ಮಾಡೋರಿಗಿ ಡಾರ್ಕ್ ಥೀಮ್ ಆರಾಮ, ನಾನೂ ಮನ್ಯಾಗ ಅದನ್ನೇ ಇಟ್ಟೀನಿ, ಆದ್ರ ಬೀದಿಗಿ ಮಾರಿ ಮಾಡಿದ ಅಂಗಡ್ಯಾಗ ಬಿಳಿ ಹಿನ್ನೆಲಿ ಕರಿ ಅಕ್ಷರನೇ ಛಲೋ. ಪರೀಕ್ಷೆ ಮಾಡೋದಿದ್ರ ಮಧ್ಯಾಹ್ನ ಒಂದು ಗಂಟೆಕ್ಕ ಶಟರ್ ಪೂರಾ ತೆರದು ಮಾಡ್ರಿ, ಸಂಜಿ ಮುಂದ ಎಸಿ ರೂಮಿನ್ಯಾಗ ಕೂತು ಅಲ್ಲ.

ಬಣ್ಣದ ಬಗ್ಗಿ ವಾದ ಮಾಡ್ಲಾಕ ಒಂದು ಅಳತಿ ಅದ, ಇದನ್ನ ಹಿಡ್ಕೊಂಡ್ರ ಅರ್ಧ ಜಗಳ ಮುಗಿತದ. ವೆಬ್‌ದಾಗ ಎಲ್ಲರಿಗೂ ಓದ್ಲಾಕ ಬರಬೇಕು ಅಂತ ಮಾಡಿದ ಡಬ್ಲ್ಯೂಸಿಎಜಿ ನಿಯಮದೊಳಗ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲಿಗೂ ನಡುವ ಕಾಂಟ್ರಾಸ್ಟ್, ಅಂದ್ರ ಬೆಳಕಿನ ಫರಕ್, ಕನಿಷ್ಠ 4.5ಕ್ಕ 1 ಇರಬೇಕು, ದೊಡ್ಡ ಅಕ್ಷರಕ್ಕ 3ಕ್ಕ 1 ಸಾಕು. ಬಿಳಿ ಮ್ಯಾಲ ಬೂದು ಅಕ್ಷರ ಹಾಕೋ ಫ್ಯಾಶನ್ ಭಾಳ ನಡದದ, ಅದರಾಗ ಕೆಂಪು ಹಸಿರು ನೀಲಿ ಮೂರೂ (0ರಿಂದ 255ರ ಅಳತ್ಯಾಗ) 118 ಇದ್ದ ಬೂದು ಹೆಂಗೋ 4.5 ದಾಟ್ತದ, ಮೂರೂ 153 ಇದ್ದ ಬೂದು 3ಕ್ಕೂ ಮುಟ್ಟಂಗಿಲ್ಲ. "ಇದು ಸಾಫ್ಟ್ ಲುಕ್ ಕೊಡ್ತದ" ಅಂತ ಯಾರರ ಅಂದ್ರ ಕಾಂಟ್ರಾಸ್ಟ್ ಚೆಕ್ಕರ್ ತೆರದು ಲೆಕ್ಕ ತೋರಸ್ರಿ. ನಲವತ್ತು ದಾಟಿದ ಕಣ್ಣಿಗಿ ಆ ಸಾಫ್ಟ್ ಲುಕ್ ಕಾಣಂಗೇ ಇಲ್ಲ.

ಅಕ್ಷರ ಸಣ್ಣ ಅನ್ನೋರಿಗಿ ರೆಸಲ್ಯೂಶನ್ ಕಡಿಮಿ ಮಾಡಬ್ಯಾಡ್ರಿ, ಎಲ್ಲಾ ಮಸುಕು ಆಗ್ತದ. ಡಿಸ್‌ಪ್ಲೇ ಸ್ಕೇಲ್ 125 ಮಾಡ್ರಿ, ಇಲ್ಲಂದ್ರ ಆಕ್ಸೆಸಿಬಿಲಿಟಿದಾಗ ಟೆಕ್ಸ್ಟ್ ಸೈಜ್ ಅಂತ ಅದ, 225 ತನಕ ಹೋಗ್ತದ.

ಕನ್ನಡ ಅಕ್ಷರಕ್ಕ ಜಾಗಾ ಬೇಕು, ಉರ್ದುಕ್ಕ ದಿಕ್ಕು ಬೇಕು

ಡಿಸೈನ್ ಮಾತು ಬಂದಾಗ ನನಗ ಭಾಳ ಸಂಕಟ ಆಗೋದು ಇಲ್ಲೇ. ಇಂಗ್ಲಿಷ್ ಅಕ್ಷರ ನೋಡಿ ಬಟನ್ ಎತ್ತರ ಠರಾಸ್ತಾರ, ಆಮ್ಯಾಲ ಅದರಾಗ ಕನ್ನಡ ತುರುಕ್ತಾರ. ನಮ್ಮ ಅಕ್ಷರಕ್ಕ ಕೆಳಗ ಒತ್ತಕ್ಷರ ಬರ್ತಾವ, ಮ್ಯಾಲ ಗುಡಿಸು ಬರ್ತದ. "ರಾಷ್ಟ್ರೀಯತೆ", "ಸ್ತ್ರೀ", "ಅರ್ಜಿ ಸ್ಥಿತಿ" ಇಂಥಾವು ಬರದು ನೋಡ್ರಿ, ಎತ್ತರ ಕಡಿಮಿ ಇದ್ರ ಕೆಳಗಿನ ಒತ್ತು ಕಟ್ ಆಗಿ ಅಕ್ಷರನೇ ಬ್ಯಾರೆ ಆಗಿ ಕಾಣ್ತದ. ಅದಕ್ಕ ಯಾವುದೇ ಫಾಂಟ್, ಥೀಮ್, ಶಾರ್ಟ್‌ಕಟ್ ಹೆಸರು ಠರಾಸೋ ಮೊದಲ ಇಂಥ ಎರಡು ಮೂರು ಶಬ್ದ ಹಾಕಿ ನೋಡೋದು ಕಾಯ್ದೆ ಮಾಡ್ಕೊಳ್ರಿ. ವಿಂಡೋಸ್‌ದಾಗ ಕನ್ನಡಕ್ಕ ಮೊದಲ ತುಂಗಾ ಇತ್ತು, ಈಗ ನಿರ್ಮಲಾ ಯುಐ ಬರ್ತದ. ಲಿನಕ್ಸ್‌ದಾಗ ನೋಟೊ ಸಾನ್ಸ್ ಕನ್ನಡ ಹಾಕ್ರಿ, ಸಣ್ಣ ಸೈಜ್‌ದಾಗೂ ಒತ್ತು ಬಿಡಿಬಿಡಿ ಕಾಣ್ತಾವ.

ಫೈಲ್ ಹೆಸರು ಕನ್ನಡದಾಗ ಇಡೋರಿದ್ರ ಯೂನಿಕೋಡ್‌ದಾಗೇ ಇಡ್ರಿ. ಇಂಗ್ಲಿಷ್ ಅಕ್ಷರದ ಜಾಗಾದಾಗ ಕನ್ನಡ ಆಕಾರ ಕೂಡ್ಸೋ ಹಳೇ ನುಡಿ ಆಸ್ಕಿ ಫಾಂಟಿನ ರೀತಿಯಾಗ ಟೈಪ್ ಮಾಡಿದ್ರ ಫೋಲ್ಡರ್‌ದಾಗ ಬರೇ ಇಂಗ್ಲಿಷ್ ಅಕ್ಷರದ ಗೋಜಲು ಕಾಣ್ತದ, ಹುಡುಕಿದ್ರ ಸಿಗಂಗಿಲ್ಲ. ಡಿಟಿಪಿ ಕೆಲಸಕ್ಕ ನುಡಿ ಬೇಕಾದ್ರ ಇರ್ಲಿ, ಫೈಲ್ ಹೆಸರಿಗಿ ಬ್ಯಾಡ.

ನಮ್ಮ ಊರಾಗ ಉರ್ದು ಓದೋರು ಭಾಳ ಮಂದಿ ಅದಾರ, ದರ್ಗಾ ಕಡಿ ಸೆಂಟರ್‌ಗಳಾಗ ಉರ್ದು ಟೈಪಿಂಗ್ ಕೆಲಸನೂ ಬರ್ತದ. ಉರ್ದು ಬಲದಿಂದ ಎಡಕ್ಕ ಹರಿತದ, ಇಂಟರ್‌ಫೇಸ್ ಭಾಷಾನೇ ಉರ್ದು ಮಾಡಿದ್ರ ಮೆನು, ಹಿಂದ ಹೋಗೋ ಬಾಣ, ಸ್ಕ್ರೋಲ್ ಬಾರ್ ಎಲ್ಲಾ ಆ ಕಡಿದು ಈ ಕಡಿ ತಿರುಗ್ತಾವ, ಫೋನ್ ನಂಬರ್ ಮಾತ್ರ ಎಡದಿಂದಲೇ ನಡಿತದ. ಅದು ಸರಿನೇ, ಓದೋರಿಗಿ ಹಂಗೇ ಇರಬೇಕು. ಆದ್ರ ಒಂದೇ ಮಶಿನ್‌ದಾಗ ಮುಂಜಾನಿ ಕನ್ನಡದವರು ಸಂಜಿ ಉರ್ದುದವರು ಕೂತ್ರ ದಿನಾ ಭಾಷಾ ಬದಲಿ ಮಾಡಬ್ಯಾಡ್ರಿ, ಇಬ್ಬರಿಗೂ ಬ್ಯಾರೆ ಬ್ಯಾರೆ ಯೂಸರ್ ಅಕೌಂಟ್ ಮಾಡಿ ಕೊಡ್ರಿ. ಟೈಪಿಂಗಿಗಿ ಅಷ್ಟೇ ಬೇಕಂದ್ರ ಕೀಬೋರ್ಡ್ ಸೇರಿಸಿದ್ರ ಸಾಕು, ಇಂಟರ್‌ಫೇಸ್ ಮುಟ್ಟೋದು ಬ್ಯಾಡ.

ಬಾಯಿ ಬಂದ್ ಮಾಡಿ ನೋಡ್ರಿ

ಮಾತಾಡಿ ಬಗೆಹರೀದೆ ಇದ್ದದ್ದು ನೋಡಿದ್ರ ಬಗೆಹರಿತದ. ಎರಡು ಸೆಟ್ಟಿಂಗ್ ತಯಾರ್ ಮಾಡ್ರಿ, ಅಣ್ಣಂದು ಒಂದು ಅಕೌಂಟ್‌ದಾಗ, ತಮ್ಮಂದು ಇನ್ನೊಂದರಾಗ. ನಿಮ್ಮ ಸೆಂಟರಿನ ಕೆಲಸಾನೇ ಕೊಡ್ರಿ: "ಈ ಹಾಳಿ ಸ್ಕ್ಯಾನ್ ಮಾಡಿ, ಸಣ್ಣ ಮಾಡಿ, ಹೆಸರು ಕೊಟ್ಟು ಇಡವ್ವಾ." ಕೂಡೋರಿಗಿ ಒಂದೇ ಮಾತು ಹೇಳ್ರಿ, ತಲ್ಯಾಗ ಏನ್ ಬರ್ತದೋ ಅದನ್ನ ಜೋರಾಗಿ ಅಂದ್ಕೋತ ಮಾಡ್ರಿ, ನಾವು ನೋಡ್ಲತ್ತಿದ್ದು ಕಂಪ್ಯೂಟರ್, ನಿಮ್ಮನ್ನಲ್ಲ ಅಂತ. ಆಮ್ಯಾಲ ಸುಮ್ನ ಕೂಡ್ರಿ. ಇದು ಭಾಳ ಕಷ್ಟ, "ಅಲ್ಲ ಅಲ್ಲ, ಮ್ಯಾಲ ನೋಡು" ಅಂತ ಬಾಯಿಗಿ ಬಂದೇ ಬರ್ತದ, ಅಂದ್ರಿ ಅಂದ್ರ ಆ ಪರೀಕ್ಷೆ ಮುಗೀತು. ಮೌಸಿಗಿ ಕೈ ಹಚ್ಚಬ್ಯಾಡ್ರಿ.

ಬರಕೊಳ್ಳೋದು ಎಷ್ಟು ಟೈಮ್ ಹಿಡೀತು, ಎಷ್ಟು ತಪ್ಪು ಕ್ಲಿಕ್ ಆಯ್ತು, ಎಲ್ಲಿ ಕೈ ನಿಂತ್ತು, ಎಲ್ಲಿ ಕೇಳಿದ್ರು. ಅರ್ಧ ಮಂದಿಗಿ ಮೊದಲ ಅಣ್ಣನ ಸೆಟ್ಟಿಂಗ್, ಉಳಿದವರಿಗಿ ಮೊದಲ ತಮ್ಮನದು ಕೊಡ್ರಿ, ಯಾಕಂದ್ರ ಎರಡನೇ ಸಲ ಮಾಡುವಾಗ ಕೆಲಸ ಆಗಲೇ ಗೊತ್ತಾಗಿರ್ತದ, ಎರಡನೇದು ಸುಳ್ಳೇ ಛಲೋ ಕಾಣ್ತದ. ಭಾಳ ಮಂದಿ ಬೇಕಿಲ್ಲ. ಜೇಕಬ್ ನೀಲ್ಸನ್ ಅನ್ನೋ ಯೂಸಬಿಲಿಟಿ ತಜ್ಞರು 2000ದಾಗ ಲೆಕ್ಕ ಹಾಕಿ ಹೇಳ್ಯಾರ, ಐದು ಮಂದಿ ಕೂಡ್ರಿಸಿ ನೋಡಿದ್ರ ಸುಮಾರು 85 ಪರ್ಸೆಂಟ್ ತೊಂದ್ರಿ ಹೊರಗ ಬರ್ತಾವ ಅಂತ. ಆದ್ರ ಐದೂ ಮಂದಿ ನಿಮ್ಮ ಗೆಳೆಯರೇ ಆದ್ರ ಉಪಯೋಗಿಲ್ಲ. ಆಪರೇಟರ್‌ಗಳು ಬ್ಯಾರೆ, ತಾವೇ ಕೂತು ಫಾರಂ ತುಂಬೋ ಕಾಲೇಜ್ ಹುಡುಗರು ಬ್ಯಾರೆ, ಇಬ್ಬರನ್ನೂ ನೋಡ್ಬೇಕು.

ಮೊದಲ ದಿನದ ಟೈಮ್ ನೋಡಿ ಹೊಸದನ್ನ ಬಯ್ಯಬ್ಯಾಡ್ರಿ. ಹೊಸದು ಮೊದಲ ನಿಧಾನೇ ಇರ್ತದ, ಒಂದು ವಾರ ಬಿಟ್ಟು ಮತ್ತ ನೋಡ್ರಿ. ಆಗೂ ಕೈ ಅದೇ ಜಾಗಾಕ್ಕ ನಿಂತ್ರ ತೊಂದ್ರಿ ರೂಢಿದಲ್ಲ, ಡಿಸೈನಿಂದು.

ಛಂದದ ಮಾತಿಗೂ ಪಾಳಿ ಕೊಡ್ರಿ

ಛಂದ ಅನ್ನೋದು ಖಾಲಿ ಮಾತಲ್ಲ. ಜಪಾನಿನ ಹಿಟಾಚಿ ಕಂಪನಿದಾಗ ಕುರೋಸು ಮತ್ತ ಕಾಶಿಮುರಾ ಅನ್ನೋರು 1995ರಾಗ ಎಟಿಎಂ ಸ್ಕ್ರೀನಿನ 26 ನಮೂನಿ 252 ಮಂದಿಗಿ ತೋರಿಸಿ ಕೇಳಿದ್ರು. ಛಂದ ಕಂಡಿದ್ದನ್ನೇ ಜನ ಸುಲಭ ಅದ ಅಂದ್ರು, ಖರೇನೇ ಸುಲಭ ಇದ್ದದ್ದಕ್ಕೂ ಅವರು ಸುಲಭ ಅಂದದ್ದಕ್ಕೂ ಅಷ್ಟು ಹೊಂದಿಕಿ ಆಗ್ಲಿಲ್ಲ. ಇದರಿಂದ ಎರಡು ಮಾತು ತಿಳಕೋಬೇಕು. "ಯಾವುದು ಸುಲಭ ಅದ?" ಅಂತ ಬಾಯಿಲೆ ಕೇಳಿದ್ರ ಛಂದದ್ದಕ್ಕೇ ಓಟ್ ಬೀಳ್ತದ, ಅದಕ್ಕ ಕೈ ನೋಡ್ರಿ ಅಂತ ನಾ ಹೇಳೋದು. ಇನ್ನೊಂದು, ಛಂದ ಇದ್ರ ಜನ ಧೈರ್ಯಲೆ ಮುಟ್ತಾರ, ಮೊದಲ ಸಲ ಕಂಪ್ಯೂಟರ್ ಮುಂದ ಕೂಡೋರಿಗಿ ಆ ಧೈರ್ಯ ದೊಡ್ಡದು. ಪರೀಕ್ಷೆದಾಗ ಎರಡೂ ಸಮ ಬಂದ್ರ ತಮ್ಮನದೇ ಇಡ್ರಿ, ಛಂದದ್ದು ಗೆಲ್ಲಲಿ.

ವಾಲ್‌ಪೇಪರ್ ಜಗಳ ಇದ್ದೇ ಇರ್ತದ. ಮಾಲಕರಿಗಿ ಶರಣಬಸವೇಶ್ವರ ಗುಡಿ ಫೋಟೊ ಬೇಕು, ಇನ್ನೊಬ್ಬರಿಗಿ ಬಹಮನಿ ಕೋಟಿ ಬೇಕು, ಅವುಗಳ ಕಲ್ಲು, ಕಮಾನು, ಜನ ಎಲ್ಲದರ ಮ್ಯಾಲ ಐಕಾನ್ ಹೆಸರು ಕೂತು ಓದ್ಲಾಕ ಬರಂಗಿಲ್ಲ. ಫೋಟೊ ಲಾಕ್ ಸ್ಕ್ರೀನಿಗಿ ಹಾಕ್ರಿ, ಅಲ್ಲಿ ಪೂರಾ ಕಾಣ್ತದ, ಮುಂಜಾನಿ ಚಾಲು ಮಾಡಿದ ಕೂಡಲೇ ದರ್ಶನನೂ ಆಗ್ತದ. ಡೆಸ್ಕ್‌ಟಾಪಿಗಿ ಒಂದೇ ಬಣ್ಣ.

ವಾಪಸ್ ಬರೋ ದಾರಿ ಇಟ್ಟೇ ಬದಲಿ ಮಾಡ್ರಿ

ದೊಡ್ಡ ದೊಡ್ಡವರ ಜಗಳ ನೋಡಿದ್ರ ಇದು ತಿಳೀತದ. 2011ರಾಗ ಲಿನಕ್ಸಿನ ಗ್ನೋಮ್ ಅನ್ನೋ ಡೆಸ್ಕ್‌ಟಾಪಿನ 3ನೇ ಆವೃತ್ತಿ ಬಂದಾಗ ವಿಂಡೋದ ಮಿನಿಮೈಜ್ ಬಟನ್ ಡಿಫಾಲ್ಟಾಗಿ ತೆಗದ್ರು, ಹಳೇ ಪ್ಯಾನಲ್ ಹೋಯ್ತು, ಒಪ್ಪದೇ ಇದ್ದೋರು ಹಳೇ ಗ್ನೋಮ್ 2 ಹಿಡ್ಕೊಂಡು ಮಾಟೆ ಅನ್ನೋ ಬ್ಯಾರೆ ಡೆಸ್ಕ್‌ಟಾಪ್ ಮಾಡಿದ್ರು, ಮಿಂಟ್‌ದವರು ಸಿನಮನ್ ಅನ್ನೋದು ಮಾಡಿದ್ರು. 2012ರಾಗ ವಿಂಡೋಸ್ 8 ಸ್ಟಾರ್ಟ್ ಬಟನ್ ತೆಗದು ಇಡೀ ಸ್ಕ್ರೀನ್ ತುಂಬ ಟೈಲ್ಸ್ ಇಡ್ತು, 2013ರ 8.1ರಾಗ ಬಟನ್ ವಾಪಸ್, 2015ರ ವಿಂಡೋಸ್ 10ರಾಗ ಮೆನುನೂ ವಾಪಸ್. ಮಾಡಿದೋರು ದಡ್ಡರಲ್ಲ, ಟಚ್ ಸ್ಕ್ರೀನ್ ಬರ್ಲತ್ತಿತ್ತು, ಅದಕ್ಕ ತಯಾರಿ ಮಾಡಿದ್ರು. ಆದ್ರ ಮೌಸ್ ಹಿಡ್ಕೊಂಡು ದಿನಾ ಕೆಲಸ ಮಾಡೋರಿಗಿ ಹಳೇ ದಾರಿ ಬಂದ್ ಮಾಡಿ ಹೊಸದು ತೆರದ್ರು, ಸಿಟ್ಟು ಬಂದಿದ್ದು ಅದಕ್ಕ. ಗ್ನೋಮ್ ಮಾತ್ರ ತನ್ನ ದಾರಿ ಬಿಡಲಿಲ್ಲ, ಈಗ ಅದನ್ನ ಇಷ್ಟಪಡೋರೂ ಭಾಳ ಮಂದಿ ಅದಾರ, ನನಗೂ ಅದರ ಶುದ್ಧ ಸ್ಕ್ರೀನ್ ಸೇರ್ತದ, ಸೆಂಟರಿಗಿ ಮಾತ್ರ ನಾ ಸಿನಮನ್ನೇ ಹಾಕ್ತೀನಿ, ಕಲಿಸೋ ಕೆಲಸ ಕಡಿಮಿ.

ಅದಕ್ಕ ಬದಲಿ ಮಾಡೋ ಮೊದಲ ಹಳೇ ಸ್ಕ್ರೀನಿಂದು ಸ್ಕ್ರೀನ್‌ಶಾಟ್ ತೆಗದು ಪ್ರಿಂಟ್ ಹಾಕಿ ಇಟ್ಕೊಳ್ರಿ. ಒಂದು ಸಲಕ್ಕ ಒಂದೇ ಬದಲಿ, ಎರಡು ಮಾಡಿದ್ರ ಯಾವುದರಿಂದ ಛಲೋ ಆಯ್ತು ಯಾವುದರಿಂದ ಕೆಡ್ತು ಗೊತ್ತಾಗಂಗಿಲ್ಲ. ಅರ್ಜಿ ಕೊನೇ ದಿನಾಂಕದ ಗದ್ದಲ ಇದ್ದಾಗ, ಕಾಲೇಜ್ ಅಡ್ಮಿಶನ್ ಟೈಮಿನ್ಯಾಗ ಏನೂ ಮುಟ್ಟಬ್ಯಾಡ್ರಿ. ಠರಾವ್ ಆದದ್ದನ್ನ ಅದೇ ಹಾಳಿ ಹಿಂದ ಬರೀರಿ: ಏನ್ ಬದಲಿ ಮಾಡಿದ್ವಿ, ಯಾಕ, ಯಾವ ತಾರೀಖು, ಯಾವ ಸೆಟ್ಟಿಂಗ್‌ದಾಗ ಅದ, ಮತ್ತ ಯಾವಾಗ ನೋಡ್ಬೇಕು. ಆ ಹಾಳಿ ಮಾನಿಟರಿನ ಬಾಜು ಗ್ವಾಡಿಗಿ ಅಂಟಿಸ್ರಿ. ಅಪ್‌ಡೇಟ್ ಆಗಿ ಏನರ ಜಾಗಾ ಬದಲಿ ಆದ್ರ ಆಪರೇಟರ್ ಅದನ್ನ ನೋಡಿ ತಾನೇ ಸರಿ ಮಾಡ್ಕೋತಾಳ, ಯಾರರ ಹೊಸಬರು ಬಂದು "ಇದನ್ನ ಯಾಕ ಹಿಂಗ ಇಟ್ಟೀರಿ" ಅಂತ ಕೇಳಿದ್ರ ಕಾರಣನೂ ಅಲ್ಲೇ ಸಿಗ್ತದ, ಅವರ ಹತ್ತಿರ ಅದಕ್ಕಿಂತ ಗಟ್ಟಿ ಕಾರಣ ಇದ್ರ ಮತ್ತ ಐದು ಮಂದಿ ಕೂಡ್ರಿಸಿ ನೋಡ್ರಿ.